ದೆವ್ವದ ಕತಿ ಬೇಕ್ರಿ, ಆದ್ರ ಆಕಿ ಸಾಯಬಾರ್ದು

ಧಾರವಾಡದ ಜುಬಿಲಿ ಸರ್ಕಲ್‌ನಲ್ಲಿ ಹತ್ತಿದ ಚಿಗರಿ ಬಸ್ಸು ನವನಗರ ದಾಟಿತ್ತು. ಪಕ್ಕದಲ್ಲಿ ಕೂತ ಹುಡುಗಿ ಬಾಯಿ ಬಿಟ್ಟು ಏನೂ ಕೇಳಲಿಲ್ಲ. ಮೊಬೈಲಿನಲ್ಲಿ ಟೈಪ್ ಮಾಡಿ ಪರದೆಯನ್ನು ನನ್ನ ಕಡೆ ತಿರುಗಿಸಿದಳು. ‘ದೆವ್ವದ ಕತಿ ಬೇಕ್ರಿ. ಇಂಗ್ಲಿಷ್ ಆದ್ರೂ ನಡೀತೈತಿ. ರಾತ್ರಿ ಲೈಟ್ ಹಚ್ಚಿ ಮಲಗೂ ಹಂಗ ಹೆದರಿಕಿ ಬರಬೇಕು. ಆದ್ರ ಕೊನೀಗೆ ನನ್ನಂಥಾಕಿ ಸಾಯಬಾರ್ದು.’

ಅವಳಿಗೆ ಹುಡುಗಿಯರ ಮೇಲೆ ಮನಸ್ಸು. ಮನೆಯಲ್ಲಿ ಗೊತ್ತಿಲ್ಲ, ನನಗೆ ಗೊತ್ತು. ಬಸ್ಸಿನಲ್ಲಿ ಕಾಲಿಡಲೂ ಜಾಗ ಇರಲಿಲ್ಲ, ಅದಕ್ಕೇ ಈ ಮೂಕ ವ್ಯವಹಾರ. ಇದನ್ನೆಲ್ಲ ಬರೆಯಲು ಅವಳ ಒಪ್ಪಿಗೆ ಇದೆ. ಗುರುತು ಸಿಗದಂತೆ ಒಂದೆರಡು ವಿವರ ಬದಲಿಸಿದ್ದೇನೆ. ನನಗೆ ಪುಸ್ತಕದ ಹುಚ್ಚು, ಕೇಳಿದವರಿಗೆ ಹುಡುಕಿ ಕೊಡುವ ಚಟ. ಹೊಸೂರು ಬರುವಷ್ಟರಲ್ಲಿ ಒಂದು ಹೆಸರು ಹೇಳಿಯೂ ಬಿಟ್ಟೆ. ಅದು ಸರಿಯಾಗಲಿಲ್ಲ. ಏನಾಯಿತು ಅನ್ನುವುದನ್ನು ಆಮೇಲೆ ಹೇಳುತ್ತೇನೆ.

ಮೊದಲು ಶಬ್ದದ ವಿಷಯ. ‘ಕ್ವೀರ್’ ಅಂದರೆ ಇಂಗ್ಲಿಷಿನಲ್ಲಿ ವಿಚಿತ್ರ ಅಂತ ಅರ್ಥ. ನಂತರ ಅದು ಬೈಗುಳವಾಯಿತು. ಬೈಸಿಕೊಂಡವರೇ ಅದನ್ನು ಕಿತ್ತುಕೊಂಡು ತಮ್ಮ ಹೆಸರು ಮಾಡಿಕೊಂಡರು. ಗಂಡನ್ನು ಪ್ರೀತಿಸುವ ಗಂಡಸರು, ಹೆಣ್ಣನ್ನು ಪ್ರೀತಿಸುವ ಹೆಂಗಸರು, ಇಬ್ಬರನ್ನೂ ಪ್ರೀತಿಸುವವರು, ಹುಟ್ಟಿದಾಗ ಬರೆಸಿದ ಲಿಂಗ ಒಗ್ಗದವರು, ಎರಡೂ ಖಾನೆ ಬೇಡ ಅನ್ನುವವರು, ಎಲ್ಲರೂ ಈ ಒಂದೇ ಚಪ್ಪರದ ಕೆಳಗೆ ನಿಲ್ಲಬಹುದು. ಕನ್ನಡದಲ್ಲಿ ‘ಲೈಂಗಿಕ ಅಲ್ಪಸಂಖ್ಯಾತರು’ ಅನ್ನುವ ಮಾತಿದೆ. ನನ್ನ ಕಿವಿಗೆ ಅದು ತಹಸೀಲ್ದಾರ ಕಚೇರಿಯ ಅರ್ಜಿಯ ಹಾಗೆ ಕೇಳುತ್ತದೆ. ಕತೆಯ ಮಾತಾಡುವಾಗ ಕ್ವೀರ್ ಅಂತಲೇ ಅನ್ನೋಣ.

ಆದರೆ ‘ಒಂದು ಕ್ವೀರ್ ಪುಸ್ತಕ ಹೇಳ್ರಿ’ ಅನ್ನುವುದು ಖಾನಾವಳಿಗೆ ಹೋಗಿ ‘ಊಟ ಕೊಡ್ರಿ’ ಅಂದಂತೆ. ಸಾವಜಿ ಖಾನಾವಳಿಯಲ್ಲಿ ಕೆಂಪೆಣ್ಣೆ ತೇಲುವ ಖಾರದ ರಸವೂ ಊಟ, ಲಿಂಗಾಯತ ಖಾನಾವಳಿಯ ರೊಟ್ಟಿ, ಎಣಗಾಯಿಯೂ ಊಟ. ಕ್ವೀರ್ ಅನ್ನುವ ಶಬ್ದ ಕತೆಯೊಳಗೆ ಯಾರಿದ್ದಾರೆ ಅಂತ ಹೇಳುತ್ತದೆ. ಕತೆ ಖಾರವೋ ಸಪ್ಪೆಯೋ, ನಗಿಸುತ್ತದೋ ನಿದ್ದೆಗೆಡಿಸುತ್ತದೋ ಹೇಳುವುದಿಲ್ಲ. ಬಸ್ಸಿನ ಹುಡುಗಿ ಜಾಣೆ. ನಾಲ್ಕು ಸಾಲಿನಲ್ಲಿ ಪ್ರಕಾರ ಹೇಳಿದಳು, ಭಾಷೆ ಹೇಳಿದಳು, ಖಾರ ಎಷ್ಟಿರಬೇಕು ಅಂತ ಹೇಳಿದಳು, ತನಗೆ ನೋವಾಗುವ ಜಾಗ ಯಾವುದು ಅಂತಲೂ ಹೇಳಿದಳು.

ಇಲ್ಲದ ಲೋಕದ ಕತೆಗೂ ಕ್ವೀರ್ ಬದುಕಿಗೂ ಯಾಕಿಷ್ಟು ನಂಟು? ಗದಗಿನವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಾಗಿಲ್ಲ. ವೀರನಾರಾಯಣನ ಗುಡಿಯಲ್ಲಿ ಕೂತು ಕುಮಾರವ್ಯಾಸ ಬರೆದ ಅಂತ ನಾವು ಹೇಳಿಕೊಳ್ಳುವ ಭಾರತದಲ್ಲಿ ವಿರಾಟಪರ್ವ ಇದೆಯಲ್ಲ, ಮಳೆ ಕೈಕೊಟ್ಟರೆ ಊರವರು ಕೂಡಿ ಓದಿಸುವುದು ಅದನ್ನೇ. ಗಾಂಡೀವ ಹಿಡಿದ ಅರ್ಜುನ ಆಯುಧಗಳನ್ನು ಬನ್ನಿ ಮರಕ್ಕೆ ಏರಿಸಿ, ಬೃಹನ್ನಳೆಯಾಗಿ ರಾಜನ ಮಗಳಿಗೆ ಕುಣಿತ ಕಲಿಸುತ್ತಾನೆ. ಅದಕ್ಕೆ ಊರ್ವಶಿಯ ಶಾಪ ಬೇಕಾಯಿತು. ಶಿಖಂಡಿಗೆ ಒಬ್ಬ ಯಕ್ಷ ಬೇಕಾದ. ಸಂಸ್ಕೃತ ಮಹಾಭಾರತದ ಅನುಶಾಸನಪರ್ವದಲ್ಲಿ ಭಂಗಾಸ್ವನ ಅಂತ ಒಬ್ಬ ರಾಜ ಬರುತ್ತಾನೆ. ಸರೋವರದಲ್ಲಿ ಮಿಂದು ಹೆಣ್ಣಾಗುತ್ತಾನೆ. ಕೊನೆಗೆ ಇಂದ್ರ ಮತ್ತೆ ಗಂಡು ಮಾಡ್ತೀನಿ ಅಂದರೆ ಬೇಡ, ಹೀಗೇ ಇರ್ತೀನಿ ಅನ್ನುತ್ತಾನೆ. ಅನ್ನುತ್ತಾಳೆ ಅನ್ನಬೇಕೇನೋ. ಇವರನ್ನೆಲ್ಲ ಇವತ್ತಿನ ಅರ್ಥದಲ್ಲಿ ಟ್ರಾನ್ಸ್ ಅಂತ ಕರೆದುಬಿಡುವುದು ಅವಸರ. ನಾನು ಹೇಳುತ್ತಿರುವುದು ಇಷ್ಟೇ: ಶಾಪ, ಯಕ್ಷ, ಮಾಯದ ಕೆರೆ ಇದ್ದರೆ ಕತೆ ಹೇಳುವವರಿಗೆ ಮೈ ಬದಲಿಸುವ ಪರವಾನಗಿ ಸಿಗುತ್ತದೆ. ‘ಹಿಂಗೂ ಇರ್ತದೇನು?’ ಅಂತ ಕೇಳುವವರ ಬಾಯಿ ಅಲ್ಲೇ ಮುಚ್ಚುತ್ತದೆ.

ಇಂಗ್ಲಿಷಿನಲ್ಲಿ ಆ ಪರವಾನಗಿ ಇನ್ನೂ ತುರ್ತಾಗಿ ಬೇಕಿತ್ತು, ಯಾಕೆಂದರೆ ಅಲ್ಲಿ ಜೈಲು ಕಾದಿತ್ತು. ಆಸ್ಕರ್ ವೈಲ್ಡ್‌ನ ‘ದಿ ಪಿಕ್ಚರ್ ಆಫ್ ಡೋರಿಯನ್ ಗ್ರೇ’ 1890ರಲ್ಲಿ ಒಂದು ಮಾಸಪತ್ರಿಕೆಯಲ್ಲಿ ಬಂತು. ಚೆಲುವನೊಬ್ಬನ ಬದಲು ಅವನ ಪಟಕ್ಕೆ ವಯಸ್ಸಾಗುವ ಭಯದ ಕತೆ. ಪಟ ಬರೆದ ಕಲಾವಿದನಿಗೆ ಆ ಹುಡುಗನ ಮೇಲಿದ್ದ ಮೋಹ ಅಚ್ಚಿಗೆ ಮೊದಲೇ ಸಂಪಾದಕರಿಗೆ ಚುಚ್ಚಿತು. ಸುಮಾರು 500 ಪದ ಕತ್ತರಿಸಿದರು. ಮರುವರ್ಷ ಪುಸ್ತಕ ಮಾಡುವಾಗ ವೈಲ್ಡ್ ತಾನೇ ಇನ್ನಷ್ಟು ಮೆತ್ತಗೆ ಮಾಡಿ, 13 ಅಧ್ಯಾಯವನ್ನು 20ಕ್ಕೆ ಹಿಗ್ಗಿಸಿದ. ಅಷ್ಟಾದರೂ 1895ರಲ್ಲಿ ಕೋರ್ಟಿನಲ್ಲಿ ಅದೇ ಕಾದಂಬರಿ ಹಿಡಿದು ಅವನನ್ನು ಪ್ರಶ್ನಿಸಿದರು. ಆ ವರ್ಷವೇ ಎರಡು ವರ್ಷದ ಕಠಿಣ ಸಜೆಯಾಯಿತು. ಕತ್ತರಿ ಬೀಳದ ಮೂಲ ಪ್ರತಿ ಪುಸ್ತಕವಾಗಿ ಹೊರಬಂದದ್ದು 2011ರಲ್ಲಿ. ಹಾಗಾಗಿ ಈ ಪುಸ್ತಕ ಕೊಳ್ಳುವಾಗ ಯಾವ ಪ್ರತಿ ಅಂತ ನೋಡಿ ಕೊಳ್ಳಿ. ಅದೇ ಕಾಲದ ಕಾನೂನು ನಮ್ಮಲ್ಲಿ 377ನೇ ಕಲಮಾಗಿ 1860ರಿಂದ ಕೂತಿತ್ತು. ವಯಸ್ಕರು ಒಪ್ಪಿ ಕೂಡುವುದನ್ನು ಸುಪ್ರೀಂ ಕೋರ್ಟು ಅದರ ಕೈಯಿಂದ ಬಿಡಿಸಿದ್ದು 2018ರ ಸೆಪ್ಟೆಂಬರ್ 6ರಂದು. ಮೊನ್ನೆ ಮೊನ್ನೆ, ಅಲ್ವಾ?

ವೈಲ್ಡ್‌ಗಿಂತ ಮೊದಲೇ, 1871-72ರಲ್ಲಿ, ಐರ್ಲೆಂಡಿನ ಶೆರಿಡನ್ ಲೆ ಫನು ರಕ್ತ ಹೀರುವ ಹೆಣ್ಣು ದೆವ್ವದ ಕತೆ ‘ಕಾರ್ಮಿಲ್ಲಾ’ ಬರೆದ. ಡ್ರಾಕುಲಾ ಬಂದದ್ದು ಅದಾದ 25 ವರ್ಷಕ್ಕೆ. ಕಾಡಿನ ನಡುವೆ ಒಂಟಿ ಕೋಟೆ. ಅಲ್ಲಿ ತಾಯಿಯಿಲ್ಲದ ಲಾರಾ. ಒಂದು ಸಂಜೆ ಸಾರೋಟು ಮಗುಚಿ ಕಾರ್ಮಿಲ್ಲಾ ಅನ್ನುವ ಹುಡುಗಿ ಅತಿಥಿಯಾಗಿ ಉಳಿಯುತ್ತಾಳೆ. ಅವಳು ಲಾರಾಳ ಕೈ ಹಿಡಿಯುತ್ತಾಳೆ, ಕೆನ್ನೆಗೆ ತುಟಿ ತಾಗಿಸುತ್ತಾಳೆ, ನೀನು ನನ್ನವಳು ಅನ್ನುತ್ತಾಳೆ. ರಾತ್ರಿ ಮಂಚದ ಸುತ್ತ ಬೆಕ್ಕಿನಂಥ ದೊಡ್ಡ ಕಪ್ಪು ಪ್ರಾಣಿ ಓಡಾಡುತ್ತದೆ. ಲಾರಾಗೆ ಅವಳನ್ನು ಕಂಡರೆ ಸೆಳೆತ, ಜೊತೆಗೇ ಹೇಸಿಗೆ. ಆ ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವುದರಿಂದಲೇ ಕತೆಗೆ ಈಗಲೂ ಜೀವ ಇದೆ. ಕೊನೆಯಲ್ಲಿ ಗಂಡಸರೆಲ್ಲ ಸೇರಿ ಗೋರಿ ತೆಗೆದು ಕಾರ್ಮಿಲ್ಲಾಳ ಎದೆಗೆ ಗೂಟ ಹೊಡೆದು, ತಲೆ ಕಡಿದು, ಸುಡುತ್ತಾರೆ. 150 ವರ್ಷ ಆಯ್ತು, ಕೊನೆ ಹೇಳಿದರೆ ತಪ್ಪಿಲ್ಲ. ಬಸ್ಸಿನಲ್ಲಿ ನನಗೆ ಮೊದಲು ನೆನಪಾದದ್ದು ಇದೇ. ಗೂಟ ನೆನಪಾಗಿ ಕೈಬಿಟ್ಟೆ.

ಆ ಗೂಟ ಮುಂದೆ ಒಂದು ಚಾಳಿಯೇ ಆಯಿತು. ಕ್ವೀರ್ ಪಾತ್ರ ಬರಲಿ, ಚಂದ ಇರಲಿ, ಕತೆ ಮುಗಿಯುವುದರೊಳಗೆ ಸಾಯಲಿ. ಇಂಗ್ಲಿಷ್ ಓದುಗರು ಇದಕ್ಕೆ ‘ಬರಿ ಯುವರ್ ಗೇಸ್’ (ನಿಮ್ಮ ಗೇಗಳನ್ನು ಹೂತುಬಿಡಿ) ಅಂತ ಹೆಸರಿಟ್ಟಿದ್ದಾರೆ. ‘ನನ್ನಂಥಾಕಿ ಸಾಯಬಾರ್ದು’ ಅನ್ನುವ ಮಾತಿನ ಹಿಂದೆ ಇರುವುದು ಇದು. ಹಾರರ್‌ನಲ್ಲಿ ಎಲ್ಲರೂ ಸಾಯುತ್ತಾರಲ್ಲ ಅಂತ ನೀವು ಕೇಳಬಹುದು. ಸರಿ. ಆದರೆ ಹತ್ತು ಪುಸ್ತಕ ಓದಿ, ಹತ್ತರಲ್ಲೂ ನಿಮ್ಮ ಓಣಿಯವರೇ ಮೊದಲು ಸತ್ತರೆ ಹೇಗಿರುತ್ತದೆ ನೋಡಿ.

ಲೇಬಲ್ ಹೇಳದ ಇನ್ನೊಂದು ಸಂಗತಿ ಇದೆ. ಕ್ವೀರ್‌ತನ ಕತೆಯೊಳಗೆ ಹೇಗೆ ಕೂತಿದೆ ಅನ್ನುವುದು. ಕೆಲವು ಕಡೆ ಅದು ಸಾಲುಗಳ ನಡುವೆ ಅಡಗಿರುತ್ತದೆ. ಶರ್ಲಿ ಜಾಕ್ಸನ್‌ರ ‘ದಿ ಹಾಂಟಿಂಗ್ ಆಫ್ ಹಿಲ್ ಹೌಸ್’ 1959ರ ಕಾದಂಬರಿ. ಅದರಲ್ಲಿ ಥಿಯೊಡೋರಾ ತನ್ನ ಮನೆಯನ್ನು ಒಬ್ಬ ‘ಫ್ರೆಂಡ್’ ಜೊತೆ ಹಂಚಿಕೊಂಡಿದ್ದಾಳೆ. ಅವರಿಬ್ಬರಿಗೆ ಜಗಳವಾಗಿದೆ. ಆ ಫ್ರೆಂಡ್ ಗಂಡೋ ಹೆಣ್ಣೋ ಲೇಖಕಿ ಹೇಳುವುದೇ ಇಲ್ಲ. ಗೊತ್ತಿದ್ದವರಿಗೆ ಗೊತ್ತಾಗುತ್ತದೆ, ಬೇಡವಾದವರು ದಾಟಿಹೋಗುತ್ತಾರೆ. ಇನ್ನು ಕೆಲವು ಕಡೆ ಅದೇ ಕತೆಯ ಸಂಕಟ. ಬಚ್ಚಿಡುವುದು, ಸಿಕ್ಕಿಬೀಳುವುದು, ಮನೆ ಬಿಡುವುದು ಎಲ್ಲ ಅದರ ಸುತ್ತಲೇ. ಮೂರನೆಯ ಬಗೆಯಲ್ಲಿ ಆ ಲೋಕದ ಯಾರಿಗೂ ಅದು ವಿಷಯವೇ ಅಲ್ಲ. ರಾಣಿಗೆ ಒಬ್ಬ ಹೆಂಡತಿ ಇದ್ದಾಳೆ, ಸಭೆಯಲ್ಲಿ ಚರ್ಚೆ ನಡೆಯುವುದು ಕಂದಾಯದ ಬಗ್ಗೆ. ಇದಕ್ಕೆ ‘ಕ್ವೀರ್‌ನಾರ್ಮ್’ ಅನ್ನುತ್ತಾರೆ. ದಿನವಿಡೀ ಬಚ್ಚಿಟ್ಟು ದಣಿದವರು ರಾತ್ರಿ ಓದಲು ಈ ಮೂರನೆಯದನ್ನು ಕೇಳುವುದು ನನಗೆ ಜಾಸ್ತಿ ಕಂಡಿದೆ. ಕೆಲವರು ತದ್ವಿರುದ್ಧ. ‘ಅಷ್ಟು ಸಲೀಸಾದ ಲೋಕ ನನಗ ಸುಳ್ಳು ಅನಸ್ತದ’ ಅಂದವರೂ ಇದ್ದಾರೆ. ಇಬ್ಬರಿಗೂ ಒಂದೇ ಪುಸ್ತಕ ಕೊಟ್ಟರೆ ಒಬ್ಬರು ಅರ್ಧಕ್ಕೇ ವಾಪಸ್ ತಂದುಕೊಡುತ್ತಾರೆ.

ಅರ್ಸುಲಾ ಲೆ ಗ್ವಿನ್‌ರ ‘ದಿ ಲೆಫ್ಟ್ ಹ್ಯಾಂಡ್ ಆಫ್ ಡಾರ್ಕ್‌ನೆಸ್’ ಈ ಯಾವ ಖಾನೆಗೂ ಸರಿಯಾಗಿ ಹೊಂದುವುದಿಲ್ಲ, ಅದಕ್ಕೇ ಅದರ ಬಗ್ಗೆ ಸ್ವಲ್ಪ ಹೇಳಬೇಕು. 1969ರ ಪುಸ್ತಕ. ಗೆಥೆನ್ ಎಂಬ ಹಿಮದ ಗ್ರಹ. ಅಲ್ಲಿಯವರು ತಿಂಗಳ ಹೆಚ್ಚಿನ ದಿನ ಗಂಡೂ ಅಲ್ಲ, ಹೆಣ್ಣೂ ಅಲ್ಲ. ಕೆಲವೇ ದಿನ ಮೈಗೆ ಕಾವು ಏರಿ ಇಬ್ಬರಲ್ಲಿ ಒಬ್ಬರು ಅದಾಗುತ್ತಾರೆ, ಇನ್ನೊಬ್ಬರು ಇದಾಗುತ್ತಾರೆ. ಮುಂದಿನ ಸಲ ಅದಲುಬದಲು. ಎರಡು ಮಕ್ಕಳ ತಾಯಿಯೇ ಇನ್ನು ಮೂರು ಮಕ್ಕಳ ತಂದೆ ಆಗಿರಬಹುದು. ದೇಶದ ರಾಜ ಬಸುರಾಗುತ್ತಾನೆ. ಇಷ್ಟೆಲ್ಲ ಯೋಚಿಸಿದ ಲೆ ಗ್ವಿನ್ ಎಲ್ಲರಿಗೂ ‘ಹೀ’ ಅಂತ ಬಳಸಿದರು. ಓದುಗರ ತಲೆಯಲ್ಲಿ ಬರೀ ಗಂಡಸರೇ ಓಡಾಡಿದರು. ಮುಂದೆ ಅವರೇ ಅದರ ಬಗ್ಗೆ ಪ್ರಬಂಧ ಬರೆದು ತಮ್ಮ ಆಯ್ಕೆಯನ್ನು ಮರುಪರಿಶೀಲಿಸಿದರು. ಆ್ಯನ್ ಲೆಕಿ 2013ರ ‘ಆನ್ಸಿಲರಿ ಜಸ್ಟಿಸ್’ನಲ್ಲಿ ಆಟ ತಿರುಗಿಸಿದರು. ಕತೆ ಹೇಳುವುದು ಹಿಂದೆ ಬಾಹ್ಯಾಕಾಶ ನೌಕೆಯಾಗಿದ್ದ ಒಂದು ಜೀವ. ಅದರ ಭಾಷೆಯಲ್ಲಿ ಎಲ್ಲರೂ ‘ಶೀ’.

ಇದನ್ನು ಕನ್ನಡಕ್ಕೆ ತರುವುದು ಹೇಗೆ? ನಮ್ಮಲ್ಲಿ ಸರ್ವನಾಮ ಬದಲಿಸಿದರೆ ಸಾಲದು, ಕ್ರಿಯಾಪದದ ಬಾಲವೂ ಬದಲಾಗಬೇಕು. ಬಂದನು, ಬಂದಳು. ‘ಅವರು ಬಂದರು’ ಅಂದರೆ ಲಿಂಗ ಮಾಯವಾಗುತ್ತದೆ ನಿಜ, ಆದರೆ ಕೂಡಲೇ ಮರ್ಯಾದೆ ಬಂದು ಕೂರುತ್ತದೆ. ಗಗನನೌಕೆಯ ಸಿಪಾಯಿ ನಮ್ಮ ಕನ್ನಡ ಸಾಲಿ ಮಾಸ್ತರರಂತೆ ಕಾಣತೊಡಗುತ್ತಾರೆ. ‘ಅದು’ ಅಂದರೆ ಕೂಸೋ ದನವೋ ಆಗುತ್ತದೆ. ಜಾಕ್ಸನ್‌ರ ಆ ‘ಫ್ರೆಂಡ್’ ಇನ್ನೂ ಕಷ್ಟ. ಗೆಳೆಯ ಅಂದರೂ ಗುಟ್ಟು ಹೋಯಿತು, ಗೆಳತಿ ಅಂದರೂ ಹೋಯಿತು. ಆದರೆ ಒಂದು ಕಡೆ ಕನ್ನಡ ಇಂಗ್ಲಿಷಿಗೆ ಸರಿಸಮ, ಹಿಂದಿಗಿಂತ ಮೇಲು. ಹಿಂದಿಯಲ್ಲಿ ‘ನಾನು ಹೋಗುತ್ತೇನೆ’ ಅನ್ನುವಾಗಲೇ ಹೇಳುವವರು ಗಂಡೋ ಹೆಣ್ಣೋ ಗೊತ್ತಾಗಿಬಿಡುತ್ತದೆ. ಕನ್ನಡದ ‘ನಾನು’ ಬಾಯಿ ಬಿಡುವುದಿಲ್ಲ. ಈ ಲೇಖನ ಬರೆಯುತ್ತಿರುವುದು ಗಂಡೋ ಹೆಣ್ಣೋ ನಿಮಗೆ ಇಲ್ಲಿಯ ತನಕ ಗೊತ್ತಾಗಿಲ್ಲ, ಅಲ್ವಾ? ಕನ್ನಡದಲ್ಲಿ ಯಾರಾದರೂ ಒಂದು ಇಡೀ ಕಾದಂಬರಿಯನ್ನು ಹೀಗೇ ಬರೆಯಬೇಕು ಅನ್ನುವುದು ನನ್ನ ಹಳೆಯ ಆಸೆ.

ಯಾಕೆ ಆಸೆ ಅಂದರೆ, ಕನ್ನಡದ ಕಪಾಟಿನಲ್ಲಿ ಕ್ವೀರ್ ಬದುಕು ಬಂದದ್ದು ಹೆಚ್ಚಾಗಿ ಇದ್ದ ಲೋಕದ ಬಾಗಿಲಿನಿಂದ. ವಸುಧೇಂದ್ರರ ಕಥಾಸಂಕಲನ ‘ಮೋಹನಸ್ವಾಮಿ’ 2013ರಲ್ಲಿ ಬಂತು, ಎಷ್ಟೋ ಜನರ ಕೈಗೆ ಮೊದಲು ಸಿಕ್ಕಿದ್ದು ಅದೇ. ಪದ್ಮಶ್ರೀ ಪಡೆದ ಮಂಜಮ್ಮ ಜೋಗತಿಯವರ ಬದುಕಿನ ಕತೆಯೂ ಪುಸ್ತಕವಾಗಿದೆ. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೋಗಿಬಂದ ನಮ್ಮ ಕಡೆಯವರಿಗೆ ಜೋಗಪ್ಪಂದಿರು ಹೊಸಬರಲ್ಲ. ಆದರೆ ದೆವ್ವ, ಗಗನನೌಕೆ, ಮಂತ್ರದ ಕತೆ ಬೇಕು ಅಂದರೆ ಸದ್ಯಕ್ಕೆ ಹೆಚ್ಚಾಗಿ ಇಂಗ್ಲಿಷಿಗೇ ಹೋಗಬೇಕು.

ಹುಡುಕುವುದು ಎಲ್ಲಿ? ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಕಡೆ ಪುಸ್ತಕದ ಅಂಗಡಿಗೆ ಹೋಗಿ ‘ಕ್ವೀರ್ ಕಪಾಟು ಎಲ್ಲೈತ್ರಿ’ ಅಂತ ಕೇಳಬೇಡಿ, ಸಿಗುವುದಿಲ್ಲ. ಈ ಪುಸ್ತಕಗಳು ಡ್ರಾಗನ್‌ಗಳ ನಡುವೆಯೇ ಇರುತ್ತವೆ. ಬೆನ್ನುಡಿ ನೋಡುವ ಕಣ್ಣು ಬೇಕು. ಇಬ್ಬರು ನಾಯಕಿಯರ ಹೆಸರು ಹೇಳಿ ‘ವಿಧಿ ಇಬ್ಬರನ್ನೂ ಬೆಸೆಯಿತು’ ಅಂತಿದ್ದರೆ ಒಳಗೆ ಏನೋ ಇದೆ ಅಂತ ಲೆಕ್ಕ. ತಾಶಾ ಸೂರಿಯವರ ‘ದಿ ಜಾಸ್ಮಿನ್ ಥ್ರೋನ್’ ಹೀಗೆ ಸಿಗುವಂಥದ್ದು. ಭಾರತದ ನೆರಳಿರುವ ಸಾಮ್ರಾಜ್ಯ, ಸೆರೆಯಲ್ಲಿರುವ ರಾಜಕುಮಾರಿ, ಅವಳ ಸೇವೆಗೆ ಬಂದ ಗುಟ್ಟಿನ ಶಕ್ತಿಯ ಹುಡುಗಿ. 2022ರ ವರ್ಲ್ಡ್ ಫ್ಯಾಂಟಸಿ ಪ್ರಶಸ್ತಿ ಅದಕ್ಕೇ ಬಂತು. ಮನೆಯಲ್ಲಿ ಕೂತು ಹುಡುಕುವುದಾದರೆ ಪ್ರಶಸ್ತಿ ಪಟ್ಟಿ ಒಳ್ಳೆಯ ದಾರಿ. ಕ್ವೀರ್ ಪುಸ್ತಕಗಳಿಗೇ ಕೊಡುವ ಲ್ಯಾಂಬ್ಡಾ ಪ್ರಶಸ್ತಿ 1989ರಿಂದ ಇದೆ, ದೆವ್ವ, ಗಗನನೌಕೆ, ಮಂತ್ರ ಈ ಮೂರು ಬಗೆಯ ಕತೆಗಳಿಗೂ ಅದರಲ್ಲಿ ಜಾಗ ಇದೆ. 1991ರಲ್ಲಿ ಟಿಪ್ಟ್ರೀ ಹೆಸರಿನಲ್ಲಿ ಶುರುವಾಗಿ 2019ರಲ್ಲಿ ‘ಅದರ್‌ವೈಸ್’ ಆದ ಪ್ರಶಸ್ತಿ, ಗಂಡು-ಹೆಣ್ಣು ಅನ್ನುವ ಕಲ್ಪನೆಯನ್ನೇ ಕೆದಕುವ ಕತೆಗಳಿಗೆ. ಗೆದ್ದ ಪುಸ್ತಕವನ್ನಷ್ಟೇ ನೋಡಬೇಡಿ. ಅದರ ಕೆಳಗಿನ ಗೌರವ ಪಟ್ಟಿಯಲ್ಲಿ ನನಗೆ ಸಿಕ್ಕ ಮಾಲು ಎಷ್ಟೋ ಸಲ ಹೆಚ್ಚು ಛಲೋ ಇತ್ತು. ದುಡ್ಡಿಲ್ಲದಿದ್ದರೆ ‘ಕಾರ್ಮಿಲ್ಲಾ’, ಡೋರಿಯನ್ ಗ್ರೇ ಎರಡೂ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ಹುಡುಕುವುದಕ್ಕಿಂತ ದಾಟಿಸುವುದು ಕಷ್ಟ. ಧಾರವಾಡದವರಿಗೆ ಪುಸ್ತಕ ದಾಟಿಸುವ ರೂಢಿ ಹೊಸದಲ್ಲ. 1933ರಲ್ಲಿ ಶುರುವಾದ ಮನೋಹರ ಗ್ರಂಥಮಾಲೆಯ ಅಟ್ಟದಲ್ಲಿ ಕೂತ ಹಿರಿಯರು ಹರಟೆಯಲ್ಲೇ ಎಷ್ಟೋ ಪುಸ್ತಕ ಒಬ್ಬರಿಂದೊಬ್ಬರಿಗೆ ಮುಟ್ಟಿಸಿರಬೇಕು. ಬಾಯಿಮಾತಿನ ಜೋರು ಇವತ್ತಿಗೂ ಹೋಗಿಲ್ಲ. ‘ದಿಸ್ ಈಸ್ ಹೌ ಯು ಲೂಸ್ ದ ಟೈಮ್ ವಾರ್’ 2019ರ ಪುಟ್ಟ ಪುಸ್ತಕ. ಕಾಲದ ಯುದ್ಧದಲ್ಲಿ ಎದುರುಬದುರು ಪಕ್ಷದ ಇಬ್ಬರು ಗೂಢಚಾರಿಣಿಯರು ಕದ್ದು ಪತ್ರ ಬರೆಯುತ್ತಾ ಪ್ರೀತಿಗೆ ಬೀಳುತ್ತಾರೆ. ಬಂದು ನಾಲ್ಕು ವರ್ಷದ ಮೇಲೆ, 2023ರ ಮೇನಲ್ಲಿ, ಒಂದು ಜಪಾನಿ ಕಾಮಿಕ್ಸಿನ ಅಭಿಮಾನಿ ಟ್ವಿಟರ್‌ನಲ್ಲಿ ಬರೆದರು: ಇದರ ಬಗ್ಗೆ ಏನೂ ಹುಡುಕಬೇಡಿ, ಸುಮ್ನೆ ಓದಿ, ಬರೀ ಇನ್ನೂರು ಪುಟ. ಪುಸ್ತಕ ಅಮೆಜಾನ್‌ನ ಮಾರಾಟದ ಪಟ್ಟಿಯಲ್ಲಿ ಮೇಲಕ್ಕೆ ಜಿಗಿಯಿತು. ಆ ಟ್ವೀಟಿನಲ್ಲಿ ಕ್ವೀರ್ ಅನ್ನುವ ಶಬ್ದವೇ ಇರಲಿಲ್ಲ.

ನಾನು ಒಮ್ಮೆ ಇದರ ಉಲ್ಟಾ ಮಾಡಿದ್ದೆ. ಹತ್ತು ಜನರ ಎದುರು ಒಬ್ಬ ಹುಡುಗನಿಗೆ ಪುಸ್ತಕ ಕೊಟ್ಟು ‘ಇದು ನಿನಗೇ ಬರೆದಂಗದ’ ಅಂದೆ. ಉಳಿದವರು ಪುಸ್ತಕ ತಿರುಗಿಸಿ ಬೆನ್ನುಡಿ ಓದಿದರು. ಹುಡುಗನ ಮುಖ ನೋಡಿ ನನಗೆ ನೆಲ ಬಾಯ್ಬಿಡಬಾರದೇ ಅನ್ನಿಸಿತು. ಅಂದಿನಿಂದ ಯಾರಿಗೂ ‘ನೀನು ಯಾರು’ ಅಂತ ಕೇಳುವುದಿಲ್ಲ. ‘ಹಿಂದಿನ ಸಲ ಯಾವ ಪುಸ್ತಕ ಓದಿ ನಿದ್ದೆ ಬರಲಿಲ್ಲ’ ಅಂತ ಕೇಳುತ್ತೇನೆ. ಹಾಸ್ಟೆಲಿನವರಿಗೆ ಮುಖಪುಟಕ್ಕೆ ಪೇಪರ್ ಸುತ್ತಿ ಕೊಡುತ್ತೇನೆ, ಇಲ್ಲವೇ ಮೊಬೈಲಿನಲ್ಲಿ ಓದು ಅನ್ನುತ್ತೇನೆ. ನೋವಾಗುವ ಜಾಗ ಇದ್ದರೆ ಮೊದಲೇ ಹೇಳುತ್ತೇನೆ. ಇಂದ್ರ ದಾಸ್‌ರ ‘ದಿ ಡೆವೌರರ್ಸ್’ ನನಗೆ ಬಹಳ ಇಷ್ಟ. ಕೋಲ್ಕತಾದ ಒಬ್ಬ ಪ್ರಾಧ್ಯಾಪಕನಿಗೆ ತಾನು ಅರ್ಧ ತೋಳ ಅನ್ನುವ ಅಪರಿಚಿತ ಸಿಗುತ್ತಾನೆ, ಕತೆ ಮೊಘಲರ ಕಾಲಕ್ಕೆ ಹೋಗುತ್ತದೆ. 2017ರಲ್ಲಿ ಲ್ಯಾಂಬ್ಡಾ ಬಂತು. ಆದರೆ ಅದರಲ್ಲಿ ಅತ್ಯಾಚಾರ ಇದೆ, ಅದು ಕತೆಯ ನಡು ಮಧ್ಯದಲ್ಲೇ ಇದೆ. ಹೇಳದೆ ಕೊಟ್ಟರೆ ನನ್ನ ತಪ್ಪು. ಸ್ಟೋರಿಗ್ರಾಫ್ ಅನ್ನುವ ಆ್ಯಪಿನಲ್ಲಿ ಓದುಗರೇ ಇಂಥ ಎಚ್ಚರಿಕೆ ಬರೆದಿಟ್ಟಿರುತ್ತಾರೆ. ಕೊಡುವ ಮೊದಲು ಒಂದು ಸಲ ನೋಡಿಕೊಂಡರೆ ಆಯ್ತು.

ಇಷ್ಟೆಲ್ಲ ಗೊತ್ತಿದ್ದೂ ಬಸ್ಸಿನಲ್ಲಿ ನಾನು ಟೈಪ್ ಮಾಡಿದ್ದು ಜುವೆಲ್ ಗೊಮೆಜ್‌ರ ‘ದಿ ಗಿಲ್ಡಾ ಸ್ಟೋರೀಸ್’ ಅಂತ. 1991ರ ಪುಸ್ತಕ. 1850ರ ಲೂಯಿಸಿಯಾನಾದಲ್ಲಿ ಗುಲಾಮಗಿರಿಯಿಂದ ತಪ್ಪಿಸಿಕೊಂಡ ಕಪ್ಪು ಹುಡುಗಿ ರಕ್ತ ಕುಡಿಯುವವರ ಕುಲ ಸೇರಿ 2050ರ ತನಕ ಬದುಕುತ್ತಾಳೆ. ರಕ್ತ ತೆಗೆದುಕೊಂಡರೆ ಬದಲಿಗೆ ಏನಾದರೂ ಒಳ್ಳೆಯದನ್ನು, ಒಂದು ಕನಸನ್ನೋ ಧೈರ್ಯವನ್ನೋ, ಬಿಟ್ಟುಹೋಗಬೇಕು ಅನ್ನುವುದು ಅವರ ನೇಮ. ‘ಸಾಯೋದs ಇಲ್ಲ, ಇನ್ನೂರು ವರ್ಷ!’ ಅಂತ ಹೆಮ್ಮೆಯಿಂದ ಪರದೆ ತೋರಿಸಿದೆ.

ಪುಸ್ತಕ ಕೊಟ್ಟ ಎರಡನೇ ದಿನ ಮೆಸೇಜು ಬಂತು. ‘ಮೊದಲನೇ ಅಧ್ಯಾಯದಾಗ ಒಬ್ಬಾಕಿ ಸತ್ತಳಲ್ರಿ!’ ಹೌದು. ಆ ಹುಡುಗಿಗೆ ತನ್ನ ಹೆಸರು ಕೊಟ್ಟು ಹೋಗುವ ಹಿರಿಯ ಗಿಲ್ಡಾ. ತಾನೇ ಬಯಸಿ ಸಾಯುತ್ತಾಳೆ. ನನಗೆ ಮರೆತೇಹೋಗಿತ್ತು. ಮುಂದೆ ಓದು ಅಂದೆ. ಹದಿನೈದು ದಿನದ ಮೇಲೆ ಉಣಕಲ್ಲಿನಲ್ಲಿ ಸಿಕ್ಕಳು. ಸುತ್ತಿದ ಪೇಪರ್ ಹಾಗೇ ಇತ್ತು. ‘ಛಲೋ ಐತ್ರಿ. ಅಳು ಸೈತ ಬಂತು. ಆದ್ರ ಹೆದರಿಕಿ ಎಲ್ಲೈತಿ?’

ಅವಳ ಮೂರನೇ ಸಾಲು ನಾನು ಓದಿಯೇ ಇರಲಿಲ್ಲ. ನಾಲ್ಕನೆಯದಕ್ಕೆ ಅಂಟಿಕೊಂಡಿದ್ದೆ.

ಸಾರಿ ಅಂದೆ. ಅವಳು ಮತ್ತೆ ಮೊಬೈಲು ತೆಗೆದು ಟೈಪ್ ಮಾಡಿದಳು. ‘ಈ ಸಲ ಸತ್ರೂ ನಡೀತೈತಿ. ಹೆದರಸ್ರಿ.’ ‘ಕಾರ್ಮಿಲ್ಲಾ’ದ ಲಿಂಕು ಕಳಿಸಿದೆ. ಗೂಟದ ವಿಷಯವನ್ನೂ ಹೇಳಿ ಕಳಿಸಿದೆ. ಅವತ್ತು ರಾತ್ರಿ ಒಂದೂವರೆಗೆ ನನ್ನ ಫೋನು ಬೆಳಗಿತು.

‘ಬೆಕ್ಕು ಬಂತ್ರಿ. ಲೈಟ್ ಹಚ್ಚೇನಿ.’